ನಲವತ್ತೊಂದು ಸಲ ತಪ್ಪು

ಪುಷ್ಪಲತಾಳಿಗೆ ಯಾರನ್ನು ಕಂಡರೂ ತಾತ್ಸಾರ. ಇದು ಯಾರೋ ಆಗದವರು ಕಟ್ಟಿದ ಮಾತಲ್ಲ, ಅವಳೇ ಒಪ್ಪಿಕೊಂಡದ್ದು. ಅರಸೀಕೆರೆಯಿಂದ ಗಂಡಸಿಗೆ ಬಸ್ಸು, ಗಂಡಸಿಯಿಂದ ಹಲಸಿನಕೊಪ್ಪಲಿಗೆ ಹನ್ನೊಂದು ಜನ ತುಂಬಿದ ಆಟೋ. ಹೀಗೆ ಇಪ್ಪತ್ತೆರಡು ವರ್ಷ ಓಡಾಡಿ, ಆರು ಏಳನೇ ತರಗತಿಗೆ ವಿಜ್ಞಾನ ಕಲಿಸಿದವಳಿಗೆ ಜಗತ್ತಿನ ಬಗ್ಗೆ ಮರ್ಯಾದೆ ಉಳಿದಿದ್ದರೆ ಅದೇ ಆಶ್ಚರ್ಯ. ಆಟೋದವನನ್ನು ಕಂಡರೆ ತಾತ್ಸಾರ, ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷನನ್ನು ಕಂಡರೆ ತಾತ್ಸಾರ, ಎಲ್ಲಕ್ಕಿಂತ ಹೆಚ್ಚಾಗಿ ಹೆಡ್‌ಮಾಸ್ತರ್ ಕಲ್ಲೇಶಪ್ಪನವರನ್ನು ಕಂಡರೆ. ಕಲ್ಲೇಶಪ್ಪನವರಿಗೆ ರಿಟೈರ್ ಆಗಲು ಎರಡು ವರ್ಷ ಬಾಕಿ. ಅವರು ಈ ಕೊನೆಗಾಲದಲ್ಲಿ ಹೊಸದಾಗಿ ಕಲಿತ ಒಂದೇ ವಿದ್ಯೆಯೆಂದರೆ ವಾಟ್ಸಾಪಿನಲ್ಲಿ ಬಂದದ್ದನ್ನು ಓದದೆ ಮುಂದಕ್ಕೆ ತಳ್ಳುವುದು.

ಜೂನ್ ತಿಂಗಳಲ್ಲಿ ಶಾಲೆಗೆ ಟ್ಯಾಬ್ಲೆಟ್ಟುಗಳು ಬಂದವು. ಇಪ್ಪತ್ತೆಂಟು. ಬೆಂಗಳೂರಿನ ಯಾವುದೋ ಟ್ರಸ್ಟಿನವರು ಕೊಟ್ಟದ್ದು. ಮೇಜಿನ ಮೇಲೆ ಅವನ್ನು ಜೋಡಿಸಿ, ಅರಿಶಿನ ಕುಂಕುಮ ಹಚ್ಚಿ, ಮುಂದೆ ಒಂದು ತೆಂಗಿನಕಾಯಿ ಒಡೆದರು. ಕಾಯಿನೀರು ಒಂದು ಟ್ಯಾಬ್ಲೆಟ್ಟಿನ ಮೇಲೆ ಚಿಮ್ಮಿತೆಂದು ಕಲ್ಲೇಶಪ್ಪನವರು ತಮ್ಮ ಹೆಗಲ ಮೇಲಿದ್ದ ಸನ್ಮಾನದ ಶಾಲಿನಿಂದಲೇ ಅದನ್ನು ಒರೆಸಿದರು. ಅವತ್ತು ಆ ಕಾಯಿ ಮಾಡಿದ ಉಪದ್ರವ ಅಷ್ಟೇ. ದೊಡ್ಡ ಉಪದ್ರವ ಮುಂದಿತ್ತು.

ಟ್ಯಾಬ್ಲೆಟ್ಟಿನೊಳಗಿನ ವಿಜ್ಞಾನದ ಪಾಠಗಳಿಗೆ ‘ನನ್ನ ಹೆಜ್ಜೆ’ ಎಂದು ಹೆಸರು. ಅದನ್ನು ಪರಿಚಯಿಸಿದವನು ಟ್ರಸ್ಟಿನ ತಾಲ್ಲೂಕು ಸಂಯೋಜಕ ಶರತ್ಚಂದ್ರ. ವಯಸ್ಸು ಇಪ್ಪತ್ತಾರು. ಎದೆಯ ಮೇಲೆ ಗುರುತಿನ ಚೀಟಿ, ಮಾತಿಗೊಂದು ‘ಬೇಸಿಕಲಿ’.

“ಬೇಸಿಕಲಿ ಮೇಡಂ, ಒಂದೊಂದು ಮಗೂಗೂ ಒಂದೊಂದು ವೇಗ ಇರುತ್ತೆ. ಕ್ಲಾಸಲ್ಲಿ ನೀವು ಎಲ್ಲರನ್ನೂ ಒಟ್ಟಿಗೇ ಎಳ್ಕೊಂಡು ಹೋಗ್ತೀರ. ಇದ್ರಲ್ಲಿ ಹಂಗಿಲ್ಲ. ಮಗು ತನ್ನ ಪಾಡಿಗೆ ತಾನು ಕಲಿಯುತ್ತೆ. ಅವಸರ ಅನ್ನೋದೇ ಇಲ್ಲ.”

“ಸಂತೋಷ,” ಎಂದಳು ಪುಷ್ಪಲತಾ.

“ನವೆಂಬರ್ ಮೂವತ್ತರೊಳಗೆ ಮಾತ್ರ ಎಲ್ಲ ಮಕ್ಕಳೂ ಮೊದಲ ಹನ್ನೆರಡು ಪಾಠ ಮುಗಿಸಿರಬೇಕು.”

“ಅವರವರ ವೇಗ ಅಂದ್ರಲ್ಲ, ಮತ್ತೆ ಈ ನವೆಂಬರ್ ಮೂವತ್ತು ಯಾರ ವೇಗ?”

ಶರತ್ಚಂದ್ರ ಹಲ್ಲು ಕಿರಿದ. “ಅದು ರಿಪೋರ್ಟಿಗೆ ಮೇಡಂ.”

ಯೋಚನೆ ಕೆಟ್ಟದ್ದಲ್ಲ ಎಂಬುದು ಪುಷ್ಪಲತಾಳಿಗೆ ಗೊತ್ತಿತ್ತು, ಅವಳ ಸಿಟ್ಟಿಗೆ ಅದೂ ಒಂದು ಕಾರಣ. ಅವಳು ಇಪ್ಪತ್ತೆರಡು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದ ಹೃದಯ ಬದನೆಕಾಯಿಯ ಹಾಗೆ ಇರುತ್ತಿತ್ತು. ಟ್ಯಾಬ್ಲೆಟ್ಟಿನಲ್ಲಿ ಅದು ನಿಜವಾಗಿ ಬಡಿಯುತ್ತಿತ್ತು, ಕವಾಟಗಳು ಮುಚ್ಚಿ ತೆರೆಯುತ್ತಿದ್ದವು. ಅರ್ಥವಾಗದ ಮಗು ಯಾರಿಂದಲೂ ಬೈಸಿಕೊಳ್ಳದೆ ಐದು ಸಲ ಹಿಂದಕ್ಕೆ ಹೋಗಿ ನೋಡಬಹುದಿತ್ತು. ಇಂಥದ್ದೊಂದನ್ನು ಕೈಗೆ ಕೊಟ್ಟು, ಅದರ ಕೊರಳಿಗೂ ಒಂದು ತಾರೀಕು ಕಟ್ಟಿದರಲ್ಲ ಎಂದು ಅವಳಿಗೆ ಮೈ ಉರಿಯುತ್ತಿತ್ತು.

ಪಾಠ ನೋಡಿದ ಮೇಲೆ ಹತ್ತು ಪ್ರಶ್ನೆ. ಹತ್ತೂ ಸರಿಯಾದರೆ ಮುಂದಿನ ಪಾಠ ತೆರೆಯುತ್ತದೆ, ಒಂದು ತಪ್ಪಿದರೂ ಇಲ್ಲ. ಯಾವ ಮಗು ಎಲ್ಲಿದೆ ಎಂಬುದು ಕಲ್ಲೇಶಪ್ಪನವರ ಫೋನಿನಲ್ಲಿ ದೀಪದ ಹಾಗೆ ಕಾಣುತ್ತಿತ್ತು. ಸರಿಯಾಗಿ ಸಾಗಿದವರದು ಹಸಿರು, ಎರಡು ವಾರ ಒಂದೇ ಕಡೆ ನಿಂತವರದು ಕೆಂಪು. ಮಕ್ಕಳು ದಡ್ಡರೇನಲ್ಲ. ಒಂದೇ ವಾರದಲ್ಲಿ ಯಂತ್ರದ ಒಳಗುಟ್ಟು ತಿಳಿದುಕೊಂಡವು. ಒಂದನ್ನು ಒತ್ತು, ‘ಮತ್ತೆ ಪ್ರಯತ್ನಿಸು’ ಅಂದರೆ ಇನ್ನೊಂದನ್ನು ಒತ್ತು. ಪ್ರಶ್ನೆ ಓದುವ ಅಗತ್ಯವೇ ಇಲ್ಲ. ಆಗಸ್ಟಿನ ಹೊತ್ತಿಗೆ ಏಳನೇ ತರಗತಿಯ ಇಪ್ಪತ್ತೆಂಟು ಮಕ್ಕಳಲ್ಲಿ ಇಪ್ಪತ್ತೇಳು ಹಸಿರು.

ಕೆಂಪಾಗಿದ್ದವಳು ಸುಷ್ಮಿತಾ.

ಇಡೀ ಹಲಸಿನಕೊಪ್ಪಲಿನಲ್ಲಿ ಪುಷ್ಪಲತಾ ತಾತ್ಸಾರ ಮಾಡದಿದ್ದ ಒಂದೇ ಒಂದು ಜೀವ ಈ ಹುಡುಗಿ. ಕೊಬ್ಬರಿ ಒಡೆಯುವ ಕೆಲಸಕ್ಕೆ ಹೋಗುವ ಕೆಂಪಲಕ್ಷ್ಮಮ್ಮನ ಮೊಮ್ಮಗಳು, ತೆಳ್ಳಗೆ, ಎರಡು ಜಡೆ, ಕಿವಿಗೆ ಕಡ್ಡಿ. ಹಿಂದಿನ ವರ್ಷ ಒಂದು ದಿನ ಪುಷ್ಪಲತಾ, ಭಾರದ್ದೂ ಹಗುರದ್ದೂ ಮೇಲಿನಿಂದ ಬಿಟ್ಟರೆ ಒಟ್ಟಿಗೇ ಬೀಳುತ್ತವೆ ಎಂದು ಹೇಳಿ ಪುಸ್ತಕ ಮುಚ್ಚಿದ್ದಳು. ಮಾರನೆಯ ದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಈ ಹುಡುಗಿ ಬಂದು ಮೇಜಿನ ಮುಂದೆ ನಿಂತಿತು. “ಟ್ಯಾಂಕಿನ ಮೇಲಿಂದ ಬಿಟ್ಟು ನೋಡ್ದೆ ಮಿಸ್. ಕಾಯೂ ಕಲ್ಲೂ ಒಟ್ಗೇ ಬಿದ್ವು. ಸೋಗೆ ಮಾತ್ರ ಬೀಳ್ಲಿಲ್ಲ, ತೇಲ್ಕಂಡು ತೇಲ್ಕಂಡು ಬಂತು. ಯಾಕೆ?” ಇಪ್ಪತ್ತೆರಡು ವರ್ಷದಲ್ಲಿ ಅವಳು ಹೇಳಿದ್ದನ್ನು ನಿಜವೋ ಸುಳ್ಳೋ ಎಂದು ಪರೀಕ್ಷೆ ಮಾಡಿ ನೋಡಿದ ಮೊದಲ ಮಗು ಅದು. ಟ್ಯಾಂಕ್ ಹತ್ತಿದ್ದಕ್ಕೆ ನಾಲ್ಕು ಮಾತು ಬೈದಳು. ಆದರೆ ಆವತ್ತು ಬಸ್ಸಿನಲ್ಲಿ ಅರಸೀಕೆರೆಯವರೆಗೂ ಅವಳ ಮುಖದಲ್ಲಿ ನಗು ಇತ್ತು. ಅಂದಿನಿಂದ ಅವಳಿಗೆ ಒಂದು ಭಯವೂ ಹತ್ತಿಕೊಂಡಿತು. ಈ ಮಗುವಿನ ಕಣ್ಣಿನಲ್ಲಿ ತಾನು ಸಣ್ಣವಳಾಗಬಾರದು ಎನ್ನುವ ಭಯ. ಬೇರೆ ಯಾರು ಏನೆಂದುಕೊಂಡರೂ ಅವಳಿಗೆ ಕಾಲ ಕಸ.

“ಏನ್ ಮೇಡಂ ಇದು?” ಎಂದು ಕಲ್ಲೇಶಪ್ಪನವರು ಫೋನು ಹಿಡಿದುಕೊಂಡು ಬಂದರು. “ಏಳನೇ ಪಾಠದಾಗೆ ಇಪ್ಪತ್ತು ದಿನದಿಂದ ಕೂತವ್ಳೆ. ಬುದ್ಧಿವಂತೆ ಅಂತಿದ್ರಿ?”

ಪುಷ್ಪಲತಾ ಸುಷ್ಮಿತಾಳ ಹದಿನೇಳನೇ ನಂಬರಿನ ಟ್ಯಾಬ್ಲೆಟ್ ತೆಗೆದು ನೋಡಿದಳು. ಏಳನೇ ಪಾಠ, ನಾಲ್ಕನೇ ಪ್ರಶ್ನೆ. ಒಂದು ತೆಂಗಿನಕಾಯಿಯ ಚಿತ್ರ. ‘ಈ ಕಾಯಿಯನ್ನು ಒಡೆಯದೆ ಒಂದು ವರ್ಷ ಇಟ್ಟರೆ ಒಳಗಿನ ನೀರು ಏನಾಗುತ್ತದೆ? ಅ) ಚಿಪ್ಪು ಗಟ್ಟಿಯಾಗಿ ಮುಚ್ಚಿರುವುದರಿಂದ ಹಾಗೆಯೇ ಇರುತ್ತದೆ. ಆ) ಇಂಗಿ ಹೋಗುತ್ತದೆ.’ ಯಂತ್ರದ ಪ್ರಕಾರ ಸರಿಯುತ್ತರ ಅ.

ಪುಷ್ಪಲತಾ ಮೊದಲು ನಕ್ಕಳು. ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳಪ್ಪ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡಿದ್ದವರು. ಅಟ್ಟದ ಮೇಲೆ ಸಿಪ್ಪೆಸಮೇತ ಪೇರಿಸಿಟ್ಟ ಕಾಯಿ ಹನ್ನೊಂದು ತಿಂಗಳು, ವರ್ಷ, ಯಾರೂ ಮುಟ್ಟದೆ ಒಣಗುತ್ತಿದ್ದವು. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿಯಾಗುತ್ತಿತ್ತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ನೀರಿನ ಸದ್ದು ಹೋಗಿ ಉಂಡೆ ಉರುಳುವ ಸದ್ದು ಬರಬೇಕು. ಒಂದೇ ಗೊನೆಯ ಕಾಯಿಗಳಲ್ಲಿ ಒಂದು ಬೇಗ ಆಗುತ್ತಿತ್ತು, ಇನ್ನೊಂದಕ್ಕೆ ಮತ್ತೂ ಎರಡು ತಿಂಗಳು ಬೇಕಾಗುತ್ತಿತ್ತು. ಆಗದ ಕಾಯಿಯನ್ನು ಅಪ್ಪ ಬೈಯದೆ ಮತ್ತೆ ಅಟ್ಟಕ್ಕೇ ಇಡುತ್ತಿದ್ದರು. ಈ ಸೀಮೆ ಬದುಕುವುದೇ ಆ ನೀರು ಹೋಗುವುದರಿಂದ. ಅಂಥ ಊರಿನ ಮಕ್ಕಳಿಗೆ, ನೀರು ಹೋಗುವುದಿಲ್ಲ ಎಂದು ಬೆಂಗಳೂರಿನಲ್ಲಿ ಕೂತ ಯಾರೋ ಪಾಠ ಬರೆದಿದ್ದರು. ಬಹುಶಃ ಅವರ ಮನೆಯಲ್ಲಿ ಕಾಯಿಯನ್ನು ಫ್ರಿಜ್ಜಿನಲ್ಲಿಡುತ್ತಾರೆ.

ನಗು ನಿಂತ ಮೇಲೆ ಇನ್ನೊಂದು ವಿಷಯ ಹೊಳೆಯಿತು. ಇಪ್ಪತ್ತೇಳು ಮಕ್ಕಳ ಮನೆಯಲ್ಲೂ ಅಟ್ಟವಿತ್ತು. ಇಪ್ಪತ್ತೇಳೂ ಮೊದಲು ಸರಿಯಾದದ್ದನ್ನೇ ಒತ್ತಿ, ಯಂತ್ರ ತಪ್ಪೆಂದ ಕೂಡಲೇ ಇನ್ನೊಂದನ್ನು ಒತ್ತಿ ಮುಂದೆ ಹೋಗಿದ್ದವು. ಒಬ್ಬರೂ ಬಂದು ಕೇಳಿರಲಿಲ್ಲ. ಸುಷ್ಮಿತಾ ಮಾತ್ರ ಮೂವತ್ತಮೂರು ಸಲ ‘ಆ’ ಒತ್ತಿದ್ದಳು.

ಪುಷ್ಪಲತಾ ಶರತ್ಚಂದ್ರನಿಗೆ ಮೆಸೇಜು ಹಾಕಿದಳು. ಉತ್ತರ ಬಂತು: ‘ಪಾಠಗಳನ್ನು ತಜ್ಞರು ಪರಿಶೀಲಿಸಿದ್ದಾರೆ ಮೇಡಂ. ಆದರೂ ತಂಡಕ್ಕೆ ತಿಳಿಸುತ್ತೇನೆ.’ ಕೊನೆಯಲ್ಲಿ ಕೈ ಮುಗಿದ ಚಿತ್ರ. ತಜ್ಞ ಅನ್ನುವ ಮಾತಿಗೆ ಅವಳು ಮೂಗು ಮುರಿದು ಫೋನು ಮಗುಚಿ ಹಾಕಿದಳು.

ಮಧ್ಯಾಹ್ನ ಬಿಸಿಯೂಟವಾದ ಮೇಲೆ ಸುಷ್ಮಿತಾಳನ್ನು ಕರೆದಳು. “ಏನೇ, ಒಂದನ್ನೇ ಮೂವತ್ತಮೂರು ಸಲ ಒತ್ತಿದ್ದೀಯಲ್ಲ, ಹಠವೇನೇ?”

“ಹಠ ಅಲ್ಲ ಮಿಸ್,” ಎಂದಿತು ಹುಡುಗಿ. “ಅದ್ಕೆ ಗೊತ್ತಿಲ್ಲ ಅಂತ ಕಾಣ್ತದೆ. ನೀರು ಇರಾಕಿಲ್ಲ ಅಲ್ವಾ? ನಮ್ಮಜ್ಜಿ ದಿನಾ ಒಡೀತಾಳೆ, ಒಂದ್ರಾಗಾದ್ರೂ ನೀರು ಇದ್ರೆ ಮಂಡಿಯವ್ರು ಸುಮ್ನಿರ್ತಾರಾ?”

“ಇರಲ್ಲ. ನೀನು ಹೇಳೋದೇ ಸರಿ.”

“ಅದ್ಕೇ ಮಿಸ್, ದಿನಾ ಎರಡು ಸಲ ಹೇಳ್ಕೊಡ್ತೀನಿ. ಕಲ್ತ್ಕತದೆ. ಆ ಸಾರು ಅಂದ್ರಲ್ಲ, ಒಬ್ಬೊಬ್ರಿಗೂ ಒಂದೊಂದು ವೇಗ ಅಂತ. ಇದ್ರುದ್ದು ವಸಿ ನಿಧಾನ.”

ಪುಷ್ಪಲತಾ ಆ ಮಗುವಿನ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿರಲಿಲ್ಲ. ಟ್ರಸ್ಟಿಗೆ, ಹೆಡ್‌ಮಾಸ್ತರಿಗೆ, ಇಲಾಖೆಗೆ ಯಾರಿಗೂ ಇಲ್ಲದ ತಾಳ್ಮೆಯಿಂದ ಅದು ಒಂದು ಯಂತ್ರಕ್ಕೆ ಪಾಠ ಹೇಳುತ್ತಿತ್ತು. “ಸರಿ, ಹೇಳ್ಕೊಡು,” ಎಂದಳು. “ನಾನಿದ್ದೀನಿ.”

ಆ ಕೊನೆಯ ಮಾತು ಅವಳು ಆಡಬಾರದಾಗಿತ್ತು.

ಮುಂದಿನ ಶನಿವಾರ ಟ್ರಸ್ಟಿನ ದೊಡ್ಡ ಮೇಡಂ ಶಾಲೆ ನೋಡಲು ಬರುತ್ತಾರೆಂದು ಸುದ್ದಿ ಬಂದದ್ದೇ ಕಲ್ಲೇಶಪ್ಪನವರ ನಿದ್ದೆ ಹಾರಿತು. ಗೋಡೆಗೆ ಸುಣ್ಣ, ಶೌಚಾಲಯಕ್ಕೆ ಬೀಗ, ಮಕ್ಕಳಿಗೆ ಸ್ವಾಗತ ಗೀತೆ. ಎಲ್ಲ ಮಕ್ಕಳೂ ಹಸಿರಾದ ಶಾಲೆಗೆ ಬಹುಮಾನವಂತೆ, ಹಳೇಬೀಡು ಬೇಲೂರಿಗೆ ಉಚಿತ ಪ್ರವಾಸ. ಈ ಮಕ್ಕಳು ಆರನೇ ತರಗತಿಯೊಳಗೇ ಎರಡು ಸಲ ನೋಡಿ ಬಂದ ಊರುಗಳು ಅವು. ಬಹುಮಾನ ಕೊಡುವುದರಲ್ಲೂ ಇವರ ತಲೆ ಅಷ್ಟೇ ಓಡುವುದು ಎಂದುಕೊಂಡಳು ಪುಷ್ಪಲತಾ.

ಶುಕ್ರವಾರ ಸಂಜೆ ಮಕ್ಕಳು ಮನೆಗೆ ಹೋದ ಮೇಲೆ ಕಲ್ಲೇಶಪ್ಪನವರು ಹದಿನೇಳನೇ ನಂಬರಿನ ಟ್ಯಾಬ್ಲೆಟ್ಟನ್ನು ಅವಳ ಮೇಜಿನ ಮೇಲಿಟ್ಟರು.

“ಒಂದೇ ಒಂದು ಕೆಂಪು ಉಳಿದೈತೆ ಮೇಡಂ. ಹಸಿರು ಮಾಡಿಬಿಡಿ.”

“ಸಾರ್, ಉತ್ತರ ತಪ್ಪು. ನಿಮ್ಮ ತೋಟದಲ್ಲಿ ನಾನೂರು ಮರ ಇದೆ. ನಿಮ್ಮ ಅಟ್ಟದ ಮೇಲೆ ನೀರು ಇರುತ್ತಾ?”

“ಅಟ್ಟದ ಮೇಲೆ ಇರಲ್ಲ ಮೇಡಂ. ಟ್ಯಾಬ್‌ನಾಗೆ ಇರ್ತದೆ,” ಎಂದರು ಕಲ್ಲೇಶಪ್ಪನವರು, ಮುಖದಲ್ಲಿ ಒಂದಿಷ್ಟೂ ನಾಚಿಕೆಯಿಲ್ಲದೆ. “ನೀವು ಒತ್ತುತೀರೋ, ನಾನು ಒತ್ತಲೋ? ನಾನು ಒತ್ತಿದ್ರೆ ಬೇರೆ ಪ್ರಶ್ನೆ ಎಲ್ಲಾ ತಪ್ಪಾಗ್ತವೆ.”

ಆ ಕೊನೆಯ ಮಾತಾದರೂ ನಿಜ. ಪುಷ್ಪಲತಾ ಹೊರಟುಹೋಗುತ್ತಿದ್ದ ಅವರ ಬೆನ್ನನ್ನೂ ಟ್ಯಾಬ್ಲೆಟ್ಟನ್ನೂ ಒಂದೇ ಬಗೆಯ ಕಣ್ಣಿನಿಂದ ನೋಡಿದಳು. ಇಂಥ ಕೀಳು ಯಂತ್ರಕ್ಕೆ, ಇಂಥ ಜನರಿಗೆ ಸುಳ್ಳು ಹೇಳಿದರೆ ಅದು ಸುಳ್ಳೇ ಅಲ್ಲ ಎನಿಸಿತು. ತಾತ್ಸಾರದಿಂದ ಇರುವ ದೊಡ್ಡ ಅನುಕೂಲವೇ ಅದು, ಮಾಡುವ ಕೆಲಸ ನಮ್ಮದಲ್ಲ ಎಂದು ಅನ್ನಿಸಿಬಿಡುತ್ತದೆ. ಬೆರಳ ತುದಿಯಿಂದ ‘ಅ’ ಒತ್ತಿದಳು. ತೆರೆಯ ತುಂಬ ಬಲೂನುಗಳು ಹಾರಿದವು. ‘ಶಭಾಷ್ ಸುಷ್ಮಿತಾ!’ ಎಂದಿತು ಯಂತ್ರ. ಹನ್ನೆರಡನೇ ಪಾಠದವರೆಗೆ ಒತ್ತಿಕೊಂಡು ಹೋಗಲು ಇಪ್ಪತ್ತು ನಿಮಿಷ ಹಿಡಿಯಿತು. ನಡುವೆ ಅವಳದೇ ಎರಡು ಉತ್ತರ ತಪ್ಪಾದವು. ಐದೂವರೆ ಬಸ್ಸು ತಪ್ಪಿಹೋದೀತೆಂದು ಅವನ್ನೂ ಓದಿ ನೋಡಲಿಲ್ಲ.

ಶನಿವಾರ ದೊಡ್ಡ ಮೇಡಂ ಬಂದರು. ಖಾದಿ ಸೀರೆ, ಮೆಲು ಮಾತು, ಮಕ್ಕಳ ಕೆನ್ನೆ ಮುಟ್ಟಿ ಮುಟ್ಟಿ ಮಾತಾಡಿಸುವ ಅಭ್ಯಾಸ. ಶರತ್ಚಂದ್ರ ಗೋಡೆಯ ಮೇಲೆ ಮಕ್ಕಳ ದೀಪಗಳನ್ನೆಲ್ಲ ದೊಡ್ಡದು ಮಾಡಿ ತೋರಿಸಿದ. ಇಪ್ಪತ್ತೆಂಟೂ ಹಸಿರು. ಊರಿನ ಹಿರಿಯರು, ತಾಯಂದಿರು ಚಪ್ಪಾಳೆ ತಟ್ಟಿದರು.

“ಇದ್ರಲ್ಲಿ ಒಂದು ಮಗೂದು ಸ್ಪೆಷಲ್ ಸ್ಟೋರಿ ಇದೆ ಮೇಡಂ,” ಎಂದ ಶರತ್ಚಂದ್ರ. “ಸುಷ್ಮಿತಾ ಅಂತ. ಒಂದೇ ಪ್ರಶ್ನೆಗೆ ನಲವತ್ತೊಂದು ಸಲ ತಪ್ಪು ಉತ್ತರ ಕೊಟ್ಟಿದ್ದಾಳೆ. ಬಿಟ್ಟಿಲ್ಲ. ನಲವತ್ತೆರಡನೇ ಸಲ ಸರಿ! ಆಮೇಲೆ ನೋಡಿ, ಇಪ್ಪತ್ತು ನಿಮಿಷದಲ್ಲಿ ಐದು ಪಾಠ. ಬೇಸಿಕಲಿ, ತನ್ನ ವೇಗದಲ್ಲಿ ಕಲಿಯೋದು ಅಂದ್ರೆ ಇದೇ.”

ದೊಡ್ಡ ಮೇಡಂ ಕಣ್ಣು ಒರೆಸಿಕೊಂಡರು. ನಿಜವಾಗಿಯೂ ಒರೆಸಿಕೊಂಡರು. ಸುಷ್ಮಿತಾಳನ್ನು ಮುಂದೆ ಕರೆಸಿ, ಹೊಳೆಯುವ ಕಾಗದದ ಒಂದು ನಕ್ಷತ್ರವನ್ನು ಅವಳ ಯೂನಿಫಾರಮ್ಮಿಗೆ ಪಿನ್ನಿನಿಂದ ಚುಚ್ಚಿದರು. “ಹೇಳು ಪುಟ್ಟಾ, ಕೊನೆಗೆ ಹೇಗೆ ಗೊತ್ತಾಯ್ತು ನಿನಗೆ?”

“ನಾನು ಒತ್ತಿಲ್ಲ,” ಎಂದಳು ಸುಷ್ಮಿತಾ.

“ಅಂದ್ರೆ?”

“ಅದು ನಾನು ಒತ್ತಿದ್ದಲ್ಲ. ನೀರು ಇರಾಕಿಲ್ಲ ಮೇಡಂ, ಇಂಗೋಯ್ತದೆ.”

ಕೂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕಲ್ಲೇಶಪ್ಪನವರು ಕುರ್ಚಿಯಿಂದ ಅರ್ಧ ಎದ್ದು, “ಜನ ನೋಡಿ ಗಾಬರಿ ಬಿದ್ದವ್ಳೆ ಮೇಡಂ,” ಎಂದರು. ಗೋಡೆಯ ಹತ್ತಿರ ನಿಂತಿದ್ದ ಕೆಂಪಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೊಮ್ಮಗಳು ಇಷ್ಟು ಜನರ ಮುಂದೆ ಸುಳ್ಳಿಯಾಗುತ್ತಿದ್ದಾಳೆಂದು ಅವಳಿಗೆ ಅರ್ಥವಾಗಿತ್ತು. ಹುಡುಗಿ ಮಾತ್ರ ಹೆದರಿರಲಿಲ್ಲ. ಅದು ತಿರುಗಿ ಪುಷ್ಪಲತಾಳನ್ನು ನೋಡಿತು. ನಾನಿದ್ದೀನಿ ಎಂದವರು ಅಲ್ಲೇ ಮೂರು ಮಾರು ದೂರದಲ್ಲಿ ಇದ್ದಾರಲ್ಲ.

“ಮಿಸ್, ನೀವು ಹೇಳಿ.”

ಎಲ್ಲರೂ ಅವಳ ಕಡೆ ತಿರುಗಿದರು. ಹೇಳಬೇಕಾಗಿದ್ದದ್ದು ಎರಡೇ ಮಾತು: ಒತ್ತಿದವಳು ನಾನು, ಸರಿ ಇರುವವಳು ಅವಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗ ಅವಳಿಗೆ ಆ ಮುಖಗಳು ಕಂಡವು. ಮಕ್ಕಳ ಟ್ಯಾಬ್ಲೆಟ್ಟನ್ನು ಕದ್ದು ಒತ್ತುವ ಮೇಡಂ ಎಂದು ಈ ಶರತ್ಚಂದ್ರ, ಈ ತಾಯಂದಿರು, ಆ ಖಾದಿ ಸೀರೆ, ಎಲ್ಲರೂ ತನ್ನನ್ನು ಯಾವ ಕಣ್ಣಿನಿಂದ ನೋಡುತ್ತಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತೆರಡು ವರ್ಷ ಅವಳೇ ಎಲ್ಲರನ್ನೂ ನೋಡಿದ ಕಣ್ಣು ಅದು. ಅದನ್ನು ತಡೆದುಕೊಳ್ಳುವ ಶಕ್ತಿ ಅವಳಿಗೆ ಇರಲಿಲ್ಲ.

“ಅವಳೇ ಒತ್ತಿದ್ದು,” ಎಂದಳು ಪುಷ್ಪಲತಾ. “ಮರೆತಿದ್ದಾಳೆ.”

“ಮತ್ತೆ ನೀರು ಮಿಸ್?”

“ಪಾಠದಲ್ಲಿ ಇರೋದೇ ಸರಿ. ಕೂತ್ಕೋ ಹೋಗು.”

ಕೊಬ್ಬರಿ ಒಣಗಿಸಿಯೇ ಮಗಳ ಮದುವೆ ಮಾಡಿದವರು, ಮನೆ ಕಟ್ಟಿದವರು ಆ ಕೋಣೆಯ ತುಂಬ ಕೂತಿದ್ದರು. ಅವರೆಲ್ಲ ಮತ್ತೆ ಚಪ್ಪಾಳೆ ತಟ್ಟಿದರು. ಸುಷ್ಮಿತಾ ಅಳಲಿಲ್ಲ. ಪುಷ್ಪಲತಾಳನ್ನು ಇನ್ನಷ್ಟು ಹೊತ್ತು ನೋಡಿ, ಎದೆಯ ಮೇಲಿನ ನಕ್ಷತ್ರ ಓರೆಯಾಗಿದ್ದದ್ದನ್ನು ನೇರ ಮಾಡಿಕೊಂಡು, ಹೋಗಿ ತನ್ನ ಜಾಗದಲ್ಲಿ ಕೂತಳು.

ಅದಾದ ಮೇಲೆ ಹದಿನೇಳನೇ ನಂಬರಿನ ದೀಪ ಯಾವತ್ತೂ ಕೆಂಪಾಗಲಿಲ್ಲ. ನವೆಂಬರಿನೊಳಗೆ ಸುಷ್ಮಿತಾ ಇಪ್ಪತ್ತನೇ ಪಾಠ ದಾಟಿದ್ದಳು, ತಾಲ್ಲೂಕಿಗೇ ಮೊದಲು. ಕಲ್ಲೇಶಪ್ಪನವರು ಅದನ್ನು ನಲವತ್ತು ಜನಕ್ಕೆ ಕಳಿಸಿದರು. ತರಗತಿಯಲ್ಲಿ ಅವಳು ಏನನ್ನೂ ಕೇಳುತ್ತಿರಲಿಲ್ಲ. ಪುಷ್ಪಲತಾ ಪಾಠದ ನಡುವೆ ಎರಡು ಮೂರು ಸಲ ಬೇಕೆಂದೇ ತಪ್ಪು ಹೇಳಿ ನೋಡಿದಳು. ಹುಡುಗಿ ಅದನ್ನೂ ನೀಟಾಗಿ ನೋಟ್ಸಿನಲ್ಲಿ ಬರೆದುಕೊಂಡಿತು.

ಡಿಸೆಂಬರಿನಲ್ಲಿ ಬಹುಮಾನದ ಪ್ರವಾಸ. ಹಳೇಬೀಡು ಮುಗಿಸಿ, ಪಕ್ಕದ ಬಸ್ತಿಹಳ್ಳಿಯ ಬಸದಿಗೆ ಬಂದರು. ಅಲ್ಲಿಂದ ಬೇಲೂರಿಗೆ ಹೋಗುವುದಿತ್ತು. ಪುಷ್ಪಲತಾಳ ಚೀಲದಲ್ಲಿ ಒಂದು ಒಣಗಿದ ಕಾಯಿ ಇತ್ತು. ಅಣ್ಣನ ಅಟ್ಟದಿಂದ ಅವಳೇ ಅಲ್ಲಾಡಿಸಿ ಆರಿಸಿದ್ದು. ಮಕ್ಕಳನ್ನು ಎಲ್ಲಾದರೂ ಕೂರಿಸಿಕೊಂಡು, ಅವರ ಮುಂದೆ ಒಡೆದು, ಆವತ್ತು ನಾನು ಹೇಳಿದ್ದು ಸುಳ್ಳು ಅಂತ ಹೇಳಿಬಿಡಬೇಕು ಎಂದುಕೊಂಡು ಬಂದಿದ್ದಳು. ಹಳೇಬೀಡಿನಲ್ಲಿ ಜನ ಜಾಸ್ತಿ ಇದ್ದರು. ಬಸ್ತಿಹಳ್ಳಿಯಲ್ಲಿ ಇವರ ಮಕ್ಕಳನ್ನು ಬಿಟ್ಟರೆ ಯಾರೂ ಇರಲಿಲ್ಲ.

ಬಸದಿಯೊಳಗಿನ ಕಪ್ಪು ಕಂಬಗಳು ಕನ್ನಡಿಯ ಹಾಗೆ ಹೊಳೆಯುತ್ತವೆ. ಮಕ್ಕಳೆಲ್ಲ ಒಂದೊಂದು ಕಂಬದ ಮುಂದೆ ನಿಂತು ಹಲ್ಲು ತೋರಿಸಿ, ಕಿವಿ ಎಳೆದು ಆಡುತ್ತಿದ್ದವು. ಮೊದಲು ಇದರಿಂದ ಶುರು ಮಾಡೋಣ, ಆಮೇಲೆ ಕಾಯಿ ಎಂದು ಪುಷ್ಪಲತಾ ಸುಷ್ಮಿತಾಳನ್ನು ಹತ್ತಿರ ಕರೆದು ಕಂಬದ ಮುಂದೆ ನಿಲ್ಲಿಸಿದಳು. ದುಂಡಗಿನ ಕಂಬದಲ್ಲಿ ಹುಡುಗಿ ಕಡ್ಡಿಯಷ್ಟು ಸಪೂರವಾಗಿ ಕಂಡಳು.

“ನೋಡೇ ಸುಷ್ಮಿತಾ. ಮನೆ ಕನ್ನಡಿಯಲ್ಲಿ ನೀನು ಇಷ್ಟು ತೆಳ್ಳಗೆ ಕಾಣಲ್ಲ ಅಲ್ವಾ? ಇದರಲ್ಲಿ ಯಾಕೆ ಹೀಗೆ? ಕೈ ಇಟ್ಟು ನೋಡು, ಹಿಂದೆ ಮುಂದೆ ಹೋಗಿ ನೋಡು. ಅವಸರ ಇಲ್ಲ, ನಿಧಾನವಾಗಿ ಯೋಚನೆ ಮಾಡಿ ಹೇಳು.”

ಸುಷ್ಮಿತಾ ಕಂಬವನ್ನು ಮುಟ್ಟಲಿಲ್ಲ. ಅದರ ಕಡೆ ನೋಡಲೂ ಇಲ್ಲ. ಮೇಡಂ ಮುಖವನ್ನೇ ನೋಡುತ್ತ, ಕೈಕಟ್ಟಿ ನಿಂತು, ತುಂಬ ಮರ್ಯಾದೆಯಿಂದ ಕೇಳಿದಳು:

“ಆಪ್ಷನ್ ಏನೇನು ಮಿಸ್?”

ಅಣಕವಿದ್ದಿದ್ದರೆ ಪುಷ್ಪಲತಾ ತಡೆದುಕೊಳ್ಳುತ್ತಿದ್ದಳು. ಅಣಕದ ಭಾಷೆ ಅವಳಿಗೆ ಬರುತ್ತಿತ್ತು. ಈ ಮಾತಿನಲ್ಲಿ ಅದು ಹುಡುಕಿದರೂ ಇರಲಿಲ್ಲ. ಚೀಲದೊಳಗೆ ಕೈ ಹಾಕಿ, ಕಾಯಿಯನ್ನು ಮುಟ್ಟಿ, ಬರಿಗೈಯನ್ನು ಹೊರಗೆ ತೆಗೆದಳು. ಹೊರಗೆ ಕಲ್ಲೇಶಪ್ಪನವರು, ಬೇಲೂರಿಗೆ ಹೊತ್ತಾಯಿತು ಎಂದು ಸೀಟಿ ಊದುತ್ತಿದ್ದರು.

ಮೇಡಂಗೆ ತೋಚುತ್ತಿಲ್ಲವೆಂದುಕೊಂಡು ಹುಡುಗಿಯೇ ಸಮಾಧಾನ ಹೇಳಿತು.

“ನಾಲ್ಕು ಬ್ಯಾಡ ಮಿಸ್, ಎರಡು ಕೊಟ್ರೂ ಸಾಕು.”